ಹಲ್ಲಿಯ ಸಾಕ್ಷಿ

ಯಮುನಕ್ಕನ ಮನೆಯ ಗೋಡೆಯಲ್ಲಿ, ಏಸಿಯ ಹಿಂದಿನ ಸಂದಿಯೊಳಗೆ, ಹಲ್ಲಿಯೊಂದು ಎರಡು ಮೊಟ್ಟೆ ಇಟ್ಟಿತ್ತು. ಇನ್ನು ನಾಲ್ಕು ದಿನ ಬೆಚ್ಚಗಿದ್ದರೆ ಮರಿಗಳು ಹೊರಬರುತ್ತಿದ್ದವು. ಆದರೆ ಮನೆಗೆ ವೈಫೈ ಬಂದ ಮೇಲೆ ಮೊಬೈಲಿನದೇ ದರ್ಬಾರು. ದಿವಾನ್ ಮೇಲೆ ಮಲಗಿದ್ದಲ್ಲಿಂದಲೇ ಅದು "ಹದಿನೆಂಟು ಡಿಗ್ರಿ!" ಎನ್ನುತ್ತಿತ್ತು, ಏಸಿ ಮರುಮಾತಿಲ್ಲದೆ ಕೊರೆಯುವ ಗಾಳಿ ಬಿಡುತ್ತಿತ್ತು.

"ಅಣ್ಣಾ, ನಾಲ್ಕೇ ದಿನ ಇಪ್ಪತ್ತೆಂಟಕ್ಕಿಡು. ನನ್ನ ಮೊಟ್ಟೆಗಳು ತಣ್ಣಗಾಗುತ್ತಿವೆ" ಎಂದು ಹಲ್ಲಿ ಬೇಡಿಕೊಂಡಿತು.

"ಊರಾಚೆ ಇದ್ದರೂ ಈ ಏಸಿಯನ್ನು ಕುಣಿಸುವವನು ನಾನು. ಗೋಡೆಗೆ ಅಂಟಿಕೊಂಡು ಸೊಳ್ಳೆ ಹಿಡಿಯುವ ನೀನು ನನಗೆ ಅಪ್ಪಣೆ ಕೊಡುತ್ತೀಯಾ?" ಎಂದು ಮೊಬೈಲು ನಕ್ಕಿತು.

ಅಂದು ಮಧ್ಯಾಹ್ನ ಊಟವಾದ ಮೇಲೆ ಯಮುನಕ್ಕನ ಗಂಡ ರಾಯರು ಮೊಬೈಲು ಕೈಗೆತ್ತಿಕೊಂಡು, "ಹದಿನೆಂಟಕ್ಕಿಡಲೇನೇ?" ಎಂದರು.

"ಬೇಡಾರೀ, ಇಪ್ಪತ್ತೆಂಟು ಸಾಕು. ಆ ತಂಡಿಗೆ ನಿಮ್ಮ ಮಂಡಿ ಹಿಡಿದುಕೊಳ್ಳೋದು ಖಂಡಿತ" ಎಂದರು ಯಮುನಕ್ಕ.

"ಲೊಚ್ ಲೊಚ್ ಲೊಚ್" ಎಂದಿತು ಹಲ್ಲಿ.

"ಕೃಷ್ಣ ಕೃಷ್ಣ! ಕೇಳಿಸ್ತೇನ್ರೀ? ಹಲ್ಲಿಯೇ ನಿಜ ಅಂತು!" ಎನ್ನುತ್ತ ಯಮುನಕ್ಕ ಬೆರಳಿನಿಂದ ಮೇಜು ಕುಟ್ಟಿದರು. ರಾಯರು ಮಂಡಿ ಸವರಿಕೊಂಡು, ತೆಪ್ಪಗೆ ಇಪ್ಪತ್ತೆಂಟು ಒತ್ತಿದರು. ಮೊಬೈಲು ಹಲ್ಲು ಕಚ್ಚಿಕೊಂಡು ಅದನ್ನೇ ಏಸಿಗೆ ಮುಟ್ಟಿಸಬೇಕಾಯಿತು.

"ಏಸಿಯನ್ನು ನೀನೇ ಆಳಣ್ಣಾ" ಎಂದಿತು ಹಲ್ಲಿ. "ನಿನ್ನನ್ನು ಒತ್ತುವ ಬೆರಳಿದೆಯಲ್ಲ, ಅದನ್ನು ಮಾತ್ರ ನಾನು ನೋಡಿಕೊಳ್ಳುತ್ತೇನೆ."