ಚಕ್ರಕ್ಕೆ ಕೊಟ್ಟ ಕಲ್ಲು

"ಬುದ್ಧಿ, ಒಂದು ತಪ್ಪಿಗೆ ಎಷ್ಟು ಒಳ್ಳೆಯ ಕೆಲಸ ಮಾಡಿದರೆ ಸರಿಹೋಗುತ್ತದೆ?"

ಕೇಳಿದವನು ಚೆನ್ನಮಲ್ಲ, ಘಟ್ಟದ ಬುಡದಲ್ಲಿ ಹೆದ್ದಾರಿಯ ಪಕ್ಕದಲ್ಲಿದ್ದ ಮಠದ ಶಿಷ್ಯ. ಮದುವೆಗೆ ಚಪ್ಪರ ಹಾಕಿದ ಮೇಲೆ, ಹುಡುಗಿಗೆ ಒಂದು ಮಾತೂ ಹೇಳದೆ ಮನೆ ಬಿಟ್ಟು ಬಂದವನು. ಬಂದ ಮೇಲೆ ಮಠದಲ್ಲಿ ಅವನಷ್ಟು ದುಡಿದವರಿಲ್ಲ. ಅಂಗಳ ಗುಡಿಸುವವನು ಅವನೇ, ದಾರಿಹೋಕ ಲಾರಿಯವರಿಗೆ ಅನ್ನ ಬಡಿಸುವವನು ಅವನೇ, ಕಾಯಿಲೆ ಬಿದ್ದವರ ಕಾಲು ಒತ್ತುವವನೂ ಅವನೇ. ಈಗ ಕಾವಿ ಕೊಡಿ ಎಂದು ಗುರುಗಳ ಮುಂದೆ ಬಂದು ಕುಳಿತಿದ್ದ.

ಗುರುಗಳು ದಾಸೋಹದ ಸಾರಿಗೆ ಅವರೆಕಾಯಿ ಸುಲಿಯುತ್ತಿದ್ದರು. "ನನಗೆ ಲೆಕ್ಕ ಬರುವುದಿಲ್ಲವಪ್ಪ. ಒಬ್ಬ ಲಾರಿಯವನ ಕತೆ ಬರುತ್ತದೆ. ಕೈಕಟ್ಟಿ ಕೂರಬೇಡ, ನೀನೂ ಸುಲಿ," ಎಂದು ಕತೆ ಹೇಳತೊಡಗಿದರು.

ಒಬ್ಬ ಹಮಾಲಿ ಇದ್ದ. ಗೋದಾಮಿನಲ್ಲಿ ಮೂಟೆ ಹೊರುವುದು ಅವನ ಕೆಲಸ. ಲಾರಿಯ ಹಿಂಬದಿಯಲ್ಲೇ ಆಯುಸ್ಸು ಸವೆಸಿದವನಿಗೆ ಒಮ್ಮೆಯಾದರೂ ಮುಂದೆ ಕೂರುವ ಆಸೆ. ಜೊತೆಗೆ ಬೆನ್ನು ಬೇರೆ ಹಿಡಿದುಕೊಳ್ಳತೊಡಗಿತ್ತು. ಇನ್ನು ಬಹಳ ಕಾಲ ಹೊರಲಾರೆನೆಂದು ಅವನಿಗೂ ಗೊತ್ತಿತ್ತು, ಅವನ ಹೆಂಡತಿಗೂ ಗೊತ್ತಿತ್ತು. ಅಷ್ಟರಲ್ಲಿ ಒಂದು ಲಾರಿ ಕಂಪನಿ ಹೊಸಬರಿಗೆ ತಾನೇ ತರಬೇತಿ ಕೊಟ್ಟು ಕೆಲಸಕ್ಕೆ ಇಟ್ಟುಕೊಳ್ಳುತ್ತದೆಂಬ ಸುದ್ದಿ ಕಿವಿಗೆ ಬಿತ್ತು. ಹೋಗಿ ಸೇರಿದ. ಅಲ್ಲಿ ಎಲ್ಲರೂ ಅವನನ್ನು ಹೊಸಬ ಎಂದರು. ನಾವೂ ಹಾಗೆಯೇ ಅನ್ನೋಣ.

ಕಂಪನಿಗೆ ಗೋಡೆ ಕಟ್ಟಿದ ದೊಡ್ಡ ಅಂಗಳವಿತ್ತು. ನೆಲದ ಮೇಲೆ ಸುಣ್ಣದ ಗೆರೆ. ಗೆರೆ ತುಳಿಯದಂತೆ ಗಾಡಿಯನ್ನು ಹಿಂದಕ್ಕೆ ತೆಗೆಯಲು ಹೊಸಬ ಕಲಿತ. ಗಾಡಿ ನಿಂತ ಕೂಡಲೇ ಇಳಿದು, ಅದು ಉರುಳದಂತೆ ಹಿಂದಿನ ಚಕ್ರಕ್ಕೆ ಮರದ ತುಂಡು ಒತ್ತು ಕೊಡಬೇಕು. ಕಲಿಸುವ ಹಳೆಯ ಚಾಲಕನನ್ನು ಅವರು ಉಸ್ತಾದ ಎನ್ನುತ್ತಾರೆ. ಈ ತುಂಡಿನ ವಿಷಯದಲ್ಲಿ ಉಸ್ತಾದ ಬಲು ಕಟ್ಟುನಿಟ್ಟು. "ಬ್ರೇಕನ್ನು ನಂಬಬೇಡ ತಮ್ಮಾ, ತುಂಡನ್ನು ನಂಬು," ಎನ್ನುತ್ತಿದ್ದ. ಕೊಡಲು ಮರೆತವನನ್ನು ಆ ದಿನವೆಲ್ಲ ಗಾಡಿ ಹತ್ತಲು ಬಿಡುತ್ತಿರಲಿಲ್ಲ.

ಗಾಡಿ ಮತ್ತೆ ಹೊರಡುವಾಗ ಆ ತುಂಡನ್ನು ತೆಗೆಯುವುದು ಅಂಗಳದ ಆಳಿನ ಕೆಲಸ. ಅವನು ಎಳೆದು ಗೋಡೆಯ ಮಗ್ಗುಲಿಗೆ ಹಾಕಿ "ಹೋಗಲಿ" ಎಂದು ಕೂಗುತ್ತಿದ್ದ, ಹೊಸಬ ಹೊರಡುತ್ತಿದ್ದ. ಹೀಗೆ ಹೊಸಬನ ಕೈ ಇಡುವುದನ್ನು ಕಲಿಯಿತು, ಎತ್ತುವುದನ್ನು ಕಲಿಯಲಿಲ್ಲ. ಇದು ಅವನಿಗೂ ಹೊಳೆಯಲಿಲ್ಲ, ಉಸ್ತಾದನಿಗೂ ಹೊಳೆಯಲಿಲ್ಲ.

ಅಂಗಳದ ಪಾಠ ಮುಗಿದ ಮೇಲೆ ಒಂದು ಪರೀಕ್ಷೆ. ಹೊಸಬ ತುಂಬಿದ ಗಾಡಿಯನ್ನು ಘಟ್ಟ ಹತ್ತಿಸಿ ಮೇಲಿನ ಊರಿಗೆ ಮುಟ್ಟಿಸಬೇಕು. ಉಸ್ತಾದ ಪಕ್ಕದಲ್ಲಿ ಕೂರುತ್ತಾನೆ, ಆದರೆ ದಾರಿಯುದ್ದಕ್ಕೂ ತುಟಿ ಬಿಚ್ಚುವಂತಿಲ್ಲ. ಊರು ಮುಟ್ಟಿದ ಮೇಲೆ ಅವನು "ಆಗಬಹುದು" ಎಂದರೆ ಹೊಸಬನಿಗೆ ಲಾರಿ. ಅನ್ನದಿದ್ದರೆ ಮತ್ತೆ ಮೂಟೆ. ಹೊರಡುವ ದಿನ ಹೊಸಬನ ಹೆಂಡತಿ ದೇವರಿಗೆ ದೀಪ ಹಚ್ಚಿ, ಅದು ಆರದಂತೆ ನೋಡಿಕೊಳ್ಳುತ್ತಾ ಕುಳಿತಳು.

ಗಾಡಿಯ ತುಂಬಾ ಸಿಮೆಂಟು. ಘಟ್ಟದ ಅರ್ಧ ಹತ್ತುವಷ್ಟರಲ್ಲಿ ಇಂಜಿನ್ ಕಾದು ಆವಿ ಎದ್ದಿತು. ಹೊಸಬ ಒಂದು ತಿರುವಿನಲ್ಲಿ ನಿಲ್ಲಿಸಿ ಕೆಳಗೆ ಹಾರಿದ. ಮರದ ತುಂಡು ಅಂಗಳದಲ್ಲೇ ಉಳಿದಿತ್ತು. ರಸ್ತೆಯ ಅಂಚಿಗೆ ಸುಣ್ಣ ಬಳಿದ ಕಲ್ಲುಗಳನ್ನು ಸಾಲಾಗಿ ಇಟ್ಟಿದ್ದರು. ಒಂದನ್ನು ಕಿತ್ತು ತಂದು ಚಕ್ರದ ಹಿಂದೆ ಕೊಟ್ಟ. ಹಮಾಲಿಯ ತೋಳಿಗೆ ಅದೇನು ದೊಡ್ಡ ಭಾರವಲ್ಲ.

ಇಂಜಿನ್ ತಣಿಯಿತು. ಹೊಸಬ ನೀರು ಹಾಕಿ, ಹತ್ತಿ ಕುಳಿತು ಗಾಡಿ ತೆಗೆದ. ಅಷ್ಟು ಏರಿನಲ್ಲಿ, ಅಷ್ಟು ಭಾರದಲ್ಲಿ, ಗಾಡಿ ಒಂದು ಗೇಣೂ ಹಿಂದೆ ಸರಿಯದೆ ಮುಂದಕ್ಕೆ ಹೊರಟಿತು. ಉಸ್ತಾದ ಮೀಸೆಯ ಅಡಿಯಲ್ಲೇ ನಕ್ಕದ್ದು ಹೊಸಬನಿಗೆ ಕಂಡಿತು. ಹಿಗ್ಗಿ ಹೋದ. ಹಿಂದಿನಿಂದ "ಹೋಗಲಿ" ಎಂದು ಕೂಗುವವನು ಯಾರೂ ಇಲ್ಲ ಎಂಬುದು ಅವನ ತಲೆಗೆ ಬರಲಿಲ್ಲ. ಉಸ್ತಾದನ ತಲೆಗೂ ಬರಲಿಲ್ಲ, ಅವನ ಕಾಲದಲ್ಲಿ ಆ ಕೆಲಸಕ್ಕೆ ಕ್ಲೀನರ್ ಇರುತ್ತಿದ್ದ. ಕಲ್ಲು ರಸ್ತೆಯ ಮೇಲೆಯೇ ಉಳಿಯಿತು.

ಸಂಜೆಗೆ ಮೇಲಿನ ಊರು ಮುಟ್ಟಿದರು. ಸಿಮೆಂಟು ಇಳಿಸಿದ ಮೇಲೆ ಉಸ್ತಾದ ಅವನ ಬೆನ್ನಿಗೊಂದು ಗುದ್ದು ಕೊಟ್ಟು "ಆಗಬಹುದು" ಎಂದ. ಹೊಸಬ ಹೆಂಡತಿಗೆ ಫೋನು ಮಾಡಿದ. ಅವಳು ಅತ್ತಳು, ಇವನೂ ಅತ್ತ.

ಮರುದಿನ ಬೆಳಿಗ್ಗೆ ಖಾಲಿ ಗಾಡಿಯಲ್ಲಿ ಇಳಿದು ಬರುತ್ತಿದ್ದರು. ಮಂಜು ಇನ್ನೂ ಪೂರ್ತಿ ಹರಿದಿರಲಿಲ್ಲ. ಅದೇ ತಿರುವಿನಲ್ಲಿ ಜನ ನಿಂತಿದ್ದರು. ಒಂದು ಬೈಕು ಚರಂಡಿಗೆ ಬಿದ್ದಿತ್ತು. ಘಟ್ಟದ ಮೇಲಿನ ಅಂಗಡಿಗಳಿಗೆ ಬನ್ನು ಹಾಕುವವನೊಬ್ಬನಿದ್ದ, ಅವನ ಬೈಕು. ಬನ್ನುಗಳು ರಸ್ತೆಯ ತುಂಬಾ ಚೆಲ್ಲಿದ್ದವು. ಅವನ ಮೇಲೆ ಯಾರೋ ಪಂಚೆ ಹೊದಿಸಿದ್ದರು. ಪಕ್ಕದಲ್ಲಿ ಕಲ್ಲು ಬಿದ್ದಿತ್ತು. ಒಂದು ಮುಖಕ್ಕೆ ಸುಣ್ಣ, ಇನ್ನೊಂದು ಮುಖಕ್ಕೆ ಟೈರಿನ ಕಪ್ಪು.

"ಯಾವನೋ ಲಾರಿಯವನು ಕಲ್ಲು ಕೊಟ್ಟು ಹಾಗೇ ಹೋಗಿದ್ದಾನೆ. ಅವನ ಮನೆ ಹಾಳಾಗ," ಎಂದು ಗುಂಪಿನಲ್ಲೊಬ್ಬ ಶಾಪ ಹಾಕಿದ.

ಹೊಸಬ ಉಸ್ತಾದನ ಕಡೆ ತಿರುಗಿದ. "ಉಸ್ತಾದ್, ಆ ಕಲ್ಲು..." ಎಂದ. ಉಸ್ತಾದ ಕಲ್ಲನ್ನು ನೋಡಿದ, ಅವನನ್ನು ನೋಡಿದ. "ಇಳಿದರೆ ಜನ ಬಡಿದು ಕೊಲ್ಲುತ್ತಾರೆ. ಗಾಡಿ ತೆಗಿ ತಮ್ಮಾ," ಎಂದ.

ಹೊಸಬ ಗಾಡಿ ತೆಗೆದ.

ಕಂಪನಿ ಅವನ ಕೈಗೆ ಲಾರಿಯ ಬೀಗದ ಕೈ ಕೊಟ್ಟಿತು. ಹೆಂಡತಿ ಗಾಡಿಗೆ ಆರತಿ ಎತ್ತಿದಳು. ಇವನಿಗೆ ಮಾತ್ರ ರಾತ್ರಿ ನಿದ್ದೆ ಹತ್ತಲಿಲ್ಲ. ಅಂದಿನಿಂದ ರಸ್ತೆಯಲ್ಲಿ ಎಲ್ಲಿ ಕಲ್ಲು ಕಂಡರೂ ಗಾಡಿ ನಿಲ್ಲಿಸಿ ಇಳಿದು ಎತ್ತಿ ಬದಿಗೆ ಹಾಕುತ್ತಿದ್ದ. ಹಿಂದಿನ ಗಾಡಿಯವರು ಹಾರನ್ ಹೊಡೆದು ಬೈಯುತ್ತಿದ್ದರು. ಹೊತ್ತು ಮೀರಿ ಸರಕು ಮುಟ್ಟಿಸಿ ಕಂಪನಿಯಲ್ಲಿ ಉಗಿಸಿಕೊಳ್ಳುತ್ತಿದ್ದ. ಜೊತೆಯ ಚಾಲಕರು ಅವನನ್ನು ಕಲ್ಲಪ್ಪ ಎಂದು ಕರೆದು ನಗುತ್ತಿದ್ದರು. ಅವನು ಎತ್ತುವುದನ್ನು ಬಿಡಲಿಲ್ಲ. ಒಂದೊಂದು ಕಲ್ಲು ಎತ್ತಿದಾಗಲೂ ಅಂದು ರಾತ್ರಿ ಸ್ವಲ್ಪ ನಿದ್ದೆ ಬರುತ್ತಿತ್ತು.

ಬನ್ನು ಹಾಕುವವನ ಹೆಂಡತಿ ಅದೇ ತಿರುವಿನಲ್ಲಿ ಒಂದು ಟೀ ಅಂಗಡಿ ಇಟ್ಟಳು. ಹೊಟ್ಟೆ ನಡೆಯಬೇಕಲ್ಲ. ಹೊಸಬ ಹೋಗುವಾಗ ಬರುವಾಗ ಅಲ್ಲಿ ನಿಲ್ಲುತ್ತಿದ್ದ. ಗಾಳಿಗೆ ಅಂಗಡಿಯ ತಗಡು ಹಾರಿದಾಗ ಹೊಸ ತಗಡು ತಂದು ಹೊಡೆದುಕೊಟ್ಟ. ಕೆಳಗಿನಿಂದ ಕ್ಯಾನಿನಲ್ಲಿ ನೀರು ತಂದುಕೊಟ್ಟ. ಅವಳು ಅವನನ್ನು ಅಣ್ಣಾ ಎನ್ನತೊಡಗಿದಳು. ಪ್ರತಿ ಸಲವೂ ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡೇ ಗಾಡಿಯಿಂದ ಇಳಿಯುತ್ತಿದ್ದ. ಪ್ರತಿ ಸಲವೂ ಟೀ ಕುಡಿದು ಗಾಡಿ ಹತ್ತುತ್ತಿದ್ದ.

ಒಂದು ದಿನ ಅವಳ ಅಂಗಡಿಯ ಎದುರಿಗೇ ಯಾವುದೋ ಲಾರಿ ಬಿಟ್ಟುಹೋದ ಕಲ್ಲು ಬಿದ್ದಿತ್ತು. ಹೊಸಬ ಅದನ್ನು ಎತ್ತಿ ಅಂಚಿಗೆ ಇಟ್ಟು ಕೈ ಕೊಡವಿಕೊಂಡ. ಅವಳು ನೋಡುತ್ತಾ ನಿಂತಿದ್ದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಅವನ ಕೈಗೆ ಟೀ ಕೊಟ್ಟಳು.

"ಆವತ್ತು ನಿಮ್ಮಂಥವರೊಬ್ಬರು ಈ ದಾರಿಯಲ್ಲಿ ಹೋಗಿದ್ದಿದ್ದರೆ ನಮ್ಮ ಯಜಮಾನರು ಇವತ್ತು ಇರುತ್ತಿದ್ದರು ಅಣ್ಣಾ," ಎಂದಳು.

ಹೊಸಬ ಲೋಟ ಕೆಳಗಿಟ್ಟ. ಬಾಯಿ ತೆರೆದ. ಅವಳ ಮುಖ ನೋಡಿದ. ಆ ಮುಖದಲ್ಲಿ ಅವನ ಮೇಲೆ ಎಷ್ಟು ನಂಬಿಕೆಯಿತ್ತೆಂದರೆ, ಅದನ್ನು ಒಡೆಯುವ ಧೈರ್ಯ ಅವನಿಗೆ ಬರಲಿಲ್ಲ. ಮೊದಲ ದಿನ ಗುಂಪಿನ ಏಟು ತಿಂದು ಮುಗಿಸಬಹುದಾಗಿದ್ದ ಮಾತು ಈಗ ತನ್ನ ತೋಳಿಗೂ ಎತ್ತಲಾಗದಷ್ಟು ಭಾರವಾಗಿದೆ ಎಂದು ಅವನಿಗೆ ಆಗ ತಿಳಿಯಿತು. ಟೀಗೆ ಹಣ ಕೊಡಲು ಹೋದ. ಅವಳು ತೆಗೆದುಕೊಳ್ಳಲಿಲ್ಲ. ಅವನು ಗಾಡಿ ಹತ್ತಿ ಹೊರಟು, ಮುಂದಿನ ತಿರುವಿನಲ್ಲಿ ನಿಲ್ಲಿಸಿ, ಸ್ಟಿಯರಿಂಗಿಗೆ ತಲೆಯಿಟ್ಟು ಅತ್ತ. ಇವತ್ತಿಗೂ ಅವನು ಆ ಘಟ್ಟದಲ್ಲಿ ಕಲ್ಲು ಎತ್ತುತ್ತಲೇ ಇದ್ದಾನೆ.

ಗುರುಗಳು ಕತೆ ನಿಲ್ಲಿಸಿ ಮೊರದಲ್ಲಿದ್ದ ಕಾಳನ್ನು ಕೈಯಾಡಿಸಿ ನೋಡಿದರು. ಹೊರಗೆ ಹೆದ್ದಾರಿಯಲ್ಲಿ ಲಾರಿಗಳು ಘಟ್ಟದ ಕಡೆಗೆ ಹೋಗುತ್ತಿದ್ದವು.

ಚೆನ್ನಮಲ್ಲನ ಕಣ್ಣು ತುಂಬಿತ್ತು. "ಪಾಪ, ಒಳ್ಳೆಯವನು ಬುದ್ಧಿ. ಆದರೆ ಎಷ್ಟು ಕಲ್ಲು ಎತ್ತಿದರೇನು, ಅವಳ ಎದುರಿಗೆ ನಿಂತು ಮೊದಲೇ ಹೇಳಬೇಕಿತ್ತು. ಈಗಲಾದರೂ ಹೋಗಿ ಹೇಳಬೇಕು," ಎಂದ.

ಗುರುಗಳು ಅವನ ಕೈಯಲ್ಲಿದ್ದ ಅವರೆಕಾಯಿಯನ್ನು ತೆಗೆದು ಬುಟ್ಟಿಗೆ ಹಾಕಿ ಕೇಳಿದರು: "ನೀನು ಬಿಟ್ಟು ಬಂದ ಹುಡುಗಿಯ ಊರು ಇಲ್ಲಿಂದ ಎಷ್ಟು ದೂರ, ಚೆನ್ನಮಲ್ಲ?"