ತೂತಿಲ್ಲದ ಕಂಟೇನರ್

ಕಡಲೆಕಾಯಿ ವ್ಯಾಪಾರದ ಹೆಗ್ಗಣವೊಂದು ಸರಕು ಇಡಲು ಕಂಟೇನರ್ ಬಾಡಿಗೆಗೆ ಹುಡುಕುತ್ತ ಬಂದರಿಗೆ ಬಂತು. ಹೋದ ವರ್ಷ ಬಿಲದಲ್ಲಿಟ್ಟ ಸರಕನ್ನೆಲ್ಲ ನೆಂಟರೇ ತಿಂದು ತೇಗಿದ್ದರು. ಈ ಸಲವೂ ಹಾಗಾದರೆ ಅಂಗಡಿ ಮುಚ್ಚುವುದೇ ಸೈ.

"ತೂತು ಗೀತು ಇಲ್ಲ ತಾನೆ?" ಎಂದು ಅದು ಕೆಂಪು ಕಂಟೇನರನ್ನು ಕೇಳಿತು.

"ಒಳಗೆ ಬನ್ನಿ ಸ್ವಾಮಿ, ಬಾಗಿಲು ಮುಚ್ಚಿಕೊಳ್ಳುತ್ತೇನೆ. ಎಲ್ಲಾದರೂ ಬೆಳಕು ಕಂಡರೆ ಅದು ತೂತು."

ಒಳಗೆ ಕಗ್ಗತ್ತಲೆ. ಹೆಗ್ಗಣಕ್ಕೆ ಪರಮಾನಂದವಾಯಿತು. "ಇದೇ ಇರಲಿ. ಅಂದಹಾಗೆ, ನಾನು ದಿನಾ ಬಂದುಹೋಗುವುದು ಎಲ್ಲಿಂದ?"

"ಬಾಗಿಲಿಂದ."

"ಅಷ್ಟಗಲ ಬಾಗಿಲು ತೆರೆದರೆ ನೆಂಟರೆಲ್ಲ ನುಗ್ಗುತ್ತಾರಯ್ಯ. ನನ್ನಳತೆಗೆ ಒಂದು ತೂತು ಸಾಕು."

ಕಂಟೇನರಿಗೆ ತಲೆ ಕೆಟ್ಟಿತು. "ನಿಮ್ಮ ನೆಂಟರ ಅಳತೆ?"

"ಅವರೂ ಹೆಗ್ಗಣಗಳೇ. ಆದರೆ ತೂತು ನನ್ನದಲ್ಲವೇ?"

"ಹಾಗಾದರೆ ಪಕ್ಕದ ಮುದುಕನನ್ನು ಕೇಳಿ. ಅವನಿಗೆ ತುಕ್ಕು ಹಿಡಿದು ಅಂಥದೊಂದು ಬಿದ್ದಿದೆ."

ಹೆಗ್ಗಣ ಹಳೆಯ ಕಂಟೇನರನ್ನೇ ಹಿಡಿಯಿತು. ಸರಕು ತುಂಬಿಸಿ, ನೆಂಟರು ಬಾರದಂತೆ ಆ ತೂತಿಗೆ ತಾನೇ ಬಿರಡೆಯಾಗಿ ಕೂತಿತು. ತಲೆ ಹೊರಗೆ, ಬಾಲ ಒಳಗೆ.

ಕಡಲೆಕಾಯಿ ಕೊಳ್ಳಲು ಅಳಿಲೊಂದು ಬಂತು. "ಹೆಗ್ಗಣಪ್ಪನವರೇ, ಒಳಗೆ ಹೋಗುತ್ತಿದ್ದೀರೋ, ಹೊರಗೆ ಬರುತ್ತಿದ್ದೀರೋ?"

"ನನಗೂ ಅದೇ ತಿಳಿಯುತ್ತಿಲ್ಲ ಕಣಮ್ಮ."

"ಹೋಗಲಿ, ಒಂದು ಸೇರು ಕೊಡಿ."

ಹೆಗ್ಗಣ ಅಳಿಲಿನ ಹಿಂದೆ ನಿಂತಿದ್ದ ಭಾವಮೈದುನನನ್ನು ನೋಡಿತು. ಅವನು ಹಲ್ಲು ಕಿರಿದ.

"ಸರಕೇನೋ ಭದ್ರವಾಗಿದೆ, ತಾಯಿ," ಎಂದಿತು ಹೆಗ್ಗಣ. "ಮಾರುವಂತಿಲ್ಲ, ಅಷ್ಟೇ."