ಕತ್ತೆ ಏರಿದ ವೈಫೈ

ಹೆಗ್ಗೆರೆಪಟ್ಟಣದ ದೊರೆ ಗಜಾಂಕುಶರಾಯನಿಗೆ ಜಂಬ ಜಾಸ್ತಿ. ಅರಮನೆಗೆ ವೈಫೈ ಹಾಕಿಸಿದ ದಿನ ತುಂಬಿದ ಸಭೆಯಲ್ಲಿ ಮೀಸೆ ತಿರುವಿಕೊಂಡು ಹೇಳಿದ: "ಪಾಸ್‌ವರ್ಡ್ ಗೀಸ್‌ವರ್ಡ್ ಎಲ್ಲ ಹೆದರುಪುಕ್ಕಲರಿಗೆ. ನನ್ನ ಹೆಸರೇ ಬೀಗ! ಅಪ್ಪಣೆಯಿಲ್ಲದೆ ಬಳಸಿದವರ ಎರಡೂ ಹೆಬ್ಬೆರಳು ಕತ್ತರಿಸುತ್ತೇನೆ."

ಮೂರನೆಯ ದಿನವೇ ಕೊತ್ವಾಲ ನಿಂಗಾಜಮ್ಮನನ್ನು ಹಿಡಿದು ತಂದ. ಅರಮನೆಯ ಹಿಂಗೋಡೆಗೆ ಅಂಟಿಕೊಂಡ ಗುಡಿಸಲಲ್ಲಿ ಹೂ ಕಟ್ಟಿ ಬದುಕುವ ಹೆಂಗಸು. ಹೆಬ್ಬೆರಳು ಹೋದರೆ ಹೂ ಕಟ್ಟುವುದೆಲ್ಲಿ ಬಂತು, ಅನ್ನ ಉಣ್ಣುವುದೆಲ್ಲಿ ಬಂತು? 

"ಏನು ನೋಡುತ್ತಿದ್ದೆ?" ದೊರೆ ಗುಡುಗಿದ.

"ಧಾರಾವಾಹಿ, ಬುದ್ಧಿ. ಸೊಸೆಯ ಹಾಲಿಗೆ ಇಸ ಬೆರೆಸಿದ್ರು. ಕುಡೀತಾಳೋ ಇಲ್ವೋ ಅಂತ..."

"ಕುಡಿದಳಾ?"

"ಅಷ್ಟೊತ್ಗೆ ಕೊತ್ವಾಲ್ರು ಬಂದ್ಬುಟ್ರು."

ದೊರೆಯ ಸಿಟ್ಟು ಇಮ್ಮಡಿಯಾಯಿತು. "ಕತ್ತಿ ತನ್ನಿ!"

ಆಸ್ಥಾನದ ಜಾಣ ಬೊಪ್ಪಣ್ಣ ಎದ್ದು ನಿಂತ. "ಪ್ರಭು, ಈಕೆ ಕದಿಯಲು ಅರಮನೆಯೊಳಗೆ ಬಂದಿದ್ದಳೇ?"

"ಇಲ್ಲ. ಗುಡಿಸಲಲ್ಲೇ ಕೂತು ಬಳಸಿದ್ದಾಳೆ."

"ಹಾಗಾದರೆ ವೈಫೈಯೇ ಗೋಡೆ ದಾಟಿ ಇವಳ ಮನೆಗೆ ಹೋಗಿದೆ. ಏನಮ್ಮ, ಬಾ ಅಂತ ಕರೆದಿದ್ದೆಯಾ?"

"ಅಯ್ಯೋ ಸಿವನೇ, ನಾನ್ಯಾಕೆ ಕರೀಲಿ ಸ್ವಾಮಿ! ಅದೇ ಬಂದಿತ್ತು."

"ಕಂಡವರ ಮನೆಗೆ ಹೇಳದೆ ಕೇಳದೆ ನುಗ್ಗಿದವರಿಗೆ ನಮ್ಮ ರಾಜ್ಯದಲ್ಲಿ ಏನು ಶಿಕ್ಷೆ ಪ್ರಭು?"

"ತಲೆ ಬೋಳಿಸಿ ಕತ್ತೆಯ ಮೇಲೆ ಮೆರವಣಿಗೆ," ಎಂದುಬಿಟ್ಟ ದೊರೆ. ಆಮೇಲೆ ನಾಲಿಗೆ ಕಚ್ಚಿಕೊಂಡ. ಇಡೀ ಸಭೆ ಕೇಳಿಸಿಕೊಂಡಿತ್ತು, ಇಲ್ಲ ಎನ್ನುವಂತಿರಲಿಲ್ಲ. "ಆಗಲಿ! ಮೊದಲು ಅದರ ಶಿಕ್ಷೆ ಮುಗಿಯಲಿ. ಮುಗಿದ ಕೂಡಲೇ ಇವಳ ಹೆಬ್ಬೆರಳು!"

ತಲೆ ಬೋಳಿಸಲು ಬಂದ ಕ್ಷೌರಿಕ ವೈಫೈ ಪೆಟ್ಟಿಗೆಯ ಎರಡು ಆಂಟೆನಾ ಹಿಡಿದು, ಜುಟ್ಟು ಯಾವುದು ಕಿವಿ ಯಾವುದು ಎಂದು ಗೊತ್ತಾಗದೆ ಕೈಬಿಟ್ಟ. ಸುಣ್ಣದ ಬೊಟ್ಟಿಟ್ಟು ಕತ್ತೆಯ ಮೇಲೆ ಕೂರಿಸಿದರು. ಕೊತ್ವಾಲ ತಂತಿ ಕೀಳಲು ಹೋದಾಗ ಬೊಪ್ಪಣ್ಣ ಗದರಿದ: "ಕಿತ್ತರೆ ಅದರ ಪ್ರಾಣ ಹೋಗುತ್ತದಯ್ಯಾ. ಮರಣದಂಡನೆ ಕೊಟ್ಟವರು ಯಾರು?"

ಮೂವತ್ತು ಸೈನಿಕರು ಉದ್ದನೆಯ ತಂತಿ ಹೊತ್ತು ಕತ್ತೆಯ ಹಿಂದೆ ನಡೆದರು. ತಮಟೆಯ ಸದ್ದಿನೊಂದಿಗೆ ಕತ್ತೆ ಹೋದ ಬೀದಿಯಲ್ಲೆಲ್ಲ ಫೋನುಗಳು ಟಿಣ್ ಟಿಣ್ ಎಂದವು. ಊರಿಗೆ ಊರೇ ತಲೆ ತಗ್ಗಿಸಿ ಕೂತಿತು. ಅಪರಾಧಿಯನ್ನು ತಿರುಗಿ ನೋಡುವವರೂ ಇರಲಿಲ್ಲ.

ಸಂಜೆ ಕತ್ತೆ ವಾಪಸು ಬಂತು.

"ಮುಗಿಯಿತಲ್ಲ? ಕತ್ತಿ ತನ್ನಿ," ಎಂದ ದೊರೆ.

"ಎಲ್ಲಿ ಮುಗಿಯಿತು ಪ್ರಭು! ಈ ಪುಂಡ ಮೆರವಣಿಗೆಯಲ್ಲಿರುವಾಗಲೇ ಇನ್ನೂರ ನಲವತ್ತು ಮನೆಗೆ ನುಗ್ಗಿ ಬಂದಿದ್ದಾನೆ. ಮನೆಗೊಂದು ಮೆರವಣಿಗೆ ಆಗಬೇಕು. ನಾಳೆ ಹೊರಟರೆ ಮತ್ತೆ ಇನ್ನೂರ ನಲವತ್ತು ಮನೆ. ಇವಳ ಸರದಿ ಬರುವಷ್ಟರಲ್ಲಿ ಕತ್ತೆಯೂ ಇರುವುದಿಲ್ಲ, ನಾವೂ ಇರುವುದಿಲ್ಲ."

ದೊರೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಇಬ್ಬರನ್ನೂ ಬಿಡ್ರಯ್ಯಾ!" ಎಂದು ತನ್ನ ಶಾಲನ್ನು ಬೊಪ್ಪಣ್ಣನಿಗೆ ಹೊದಿಸಿದ.

ನಿಂಗಾಜಮ್ಮ ಹತ್ತು ಬೆರಳನ್ನೂ ಜೋಡಿಸಿ, ದೊರೆಯನ್ನೂ ಬೊಪ್ಪಣ್ಣನನ್ನೂ ದಾಟಿ ಹೋಗಿ, ಮೊದಲು ಕತ್ತೆಗೆ ಕೈಮುಗಿದಳು.